ದೊಡ್ಡಪ್ಪನ ಆಪರೇಷನ್, ಪ್ರಶಾಂತಣ್ಣನ ಫಾರ್ವರ್ಡ್

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹೋದ ತಿಂಗಳು ನಡೆದ ಮಾತು ಇದು. ಮನೆಯ ಬೇರೆ ವಿಷಯಗಳನ್ನು ತೆಗೆದು ಉಳಿದದ್ದನ್ನು ಹಾಗೇ ಇಟ್ಟಿದ್ದೇನೆ. “ಹಾಕು ಪುಟ್ಟಿ, ಬೇರೆಯವರಿಗೂ ಉಪಯೋಗಕ್ಕೆ ಬರಲಿ” ಎಂದು ದೊಡ್ಡಪ್ಪನೇ ಹೇಳಿದರು. ಅವರಿಗೆ 68 ವರ್ಷ. ಸಾಗರದ ಹತ್ತಿರ ಅಡಿಕೆ ತೋಟ. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಗೊತ್ತಾಗಿ ಆಗ ಹದಿನೈದು ದಿನ ಆಗಿತ್ತು. ಬೇರೆ ಕಡೆ ಹರಡಿಲ್ಲ ಎನ್ನುವುದೊಂದೇ ಸಮಾಧಾನ. ಪ್ರಶಾಂತಣ್ಣ ಅವರ ಮಗ, ಬೆಂಗಳೂರಿನಲ್ಲಿ ಕೆಲಸ. ಅತ್ತಿಗೆ ಪ್ರಶಾಂತಣ್ಣನ ಹೆಂಡತಿ. ನಾನು ದೊಡ್ಡಪ್ಪನ ತಮ್ಮನ ಮಗಳು. ಮೈಸೂರಿನಲ್ಲಿ ಹದಿನಾಲ್ಕು ವರ್ಷದಿಂದ ಓಟಿ (ಆಪರೇಷನ್ ಥಿಯೇಟರ್) ನರ್ಸ್.

ಶನಿವಾರ ಬೆಳಗ್ಗೆ

ಪ್ರಶಾಂತಣ್ಣ: (ಫಾರ್ವರ್ಡ್) ಸರ್ಜಿಕಲ್ ರೋಬೋಟ್‌ಗಳ ಮಾರುಕಟ್ಟೆ ವೇಗವಾಗಿ ಬೆಳೆಯುತ್ತಿದೆ. ದೊಡ್ಡ ಆಸ್ಪತ್ರೆಗಳೆಲ್ಲ ರೋಬೋಟ್ ಕೊಳ್ಳುತ್ತಿವೆ. ನಾಳಿನ ಆಪರೇಷನ್ ಥಿಯೇಟರ್ ಇಂದೇ ನಿಮ್ಮ ಊರಿಗೆ!

ಪ್ರಶಾಂತಣ್ಣ: ಎಲ್ಲರೂ ಓದಿ. ನಾನು ರಾತ್ರಿಯೆಲ್ಲ ಕೂತು ಬೇರೆಯದ್ದೂ ಓದಿದೆ. ಡಾವಿಂಚಿ ರೋಬೋಟ್ ಮಾಡುವ ಇಂಟ್ಯೂಟಿವ್ ಕಂಪನಿ ಒಂದರದ್ದೇ 2024ರಲ್ಲಿ ಸುಮಾರು 835 ಕೋಟಿ ಡಾಲರ್ ವ್ಯಾಪಾರ. ಆ ವರ್ಷದ ಕೊನೆಗೆ ಪ್ರಪಂಚದಲ್ಲಿ ಅವರ ಯಂತ್ರ ಸುಮಾರು 9,900. ಒಂದೇ ವರ್ಷದಲ್ಲಿ 26 ಲಕ್ಷಕ್ಕೂ ಹೆಚ್ಚು ಆಪರೇಷನ್. ಇಷ್ಟು ಜನ ಸುಮ್ನೆ ಮಾಡಿಸಿಕೊಳ್ಳುತ್ತಾರಾ? ಅಪ್ಪನಿಗೆ ರೋಬೋಟ್‌ನಲ್ಲೇ ಮಾಡಿಸೋಣ. ಆಸ್ಪತ್ರೆಯಲ್ಲಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಮಾಮೂಲಿ ಆಪರೇಷನ್, ಅಂದರೆ ಹೊಟ್ಟೆ ಕೊಯ್ದು ಮಾಡುವುದು, 2,10,000 ರೂಪಾಯಿ. ರೋಬೋಟ್ ಆದರೆ 4,00,000.

ಮಾವ: ಅಬ್ಬಾ! ಸುಮಾರು ಎರಡು ಪಟ್ಟು ಆಯಿತಲ್ಲ.

ಪ್ರಶಾಂತಣ್ಣ: ದುಡ್ಡಿನ ಮಾತು ಬೇಡ ಮಾವ. ನಾನು ಕೊಡುತ್ತೇನೆ.

ದೊಡ್ಡಮ್ಮ: ಯಂತ್ರವೇ ಹೊಟ್ಟೆ ಕೊಯ್ಯುತ್ತದಾ? ಕರೆಂಟು ಹೋದರೆ ಏನು ಮಾಡುತ್ತಾರೆ?

ನಾನು: ಇಲ್ಲ ದೊಡ್ಡಮ್ಮ. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ. ಡಾಕ್ಟರ್ ಅದೇ ಕೋಣೆಯಲ್ಲಿ ಒಂದು ಕನ್ಸೋಲ್ ಮುಂದೆ ಕೂತು ತಲೆ ಬಗ್ಗಿಸಿ ನೋಡುತ್ತಿರುತ್ತಾರೆ. ಹೊಟ್ಟೆಯ ಒಳಗಿನದ್ದೆಲ್ಲ ದೊಡ್ಡದಾಗಿ, ಆಳ ಸಮೇತ ಕಾಣುತ್ತದೆ. ಅವರ ಬೆರಳು ತಿರುಗಿದಂತೆ ಒಳಗಿನ ಸಲಕರಣೆ ತಿರುಗುತ್ತದೆ. ಕೈ ಸ್ವಲ್ಪ ನಡುಗಿದರೂ ಆ ನಡುಕ ಒಳಗೆ ಹೋಗದ ಹಾಗೆ ಯಂತ್ರ ತಡೆಯುತ್ತದೆ. ರೋಗಿಯ ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರ್, ನಮ್ಮಂಥ ನರ್ಸ್ ನಿಂತೇ ಇರುತ್ತೇವೆ. ಯಂತ್ರಕ್ಕೆ ಬ್ಯಾಟರಿ ಇರುತ್ತದೆ, ಆಸ್ಪತ್ರೆಗೆ ಜನರೇಟರ್ ಇರುತ್ತದೆ. ಅಷ್ಟಕ್ಕೂ ಬೇಕಾದರೆ ಯಂತ್ರದ ತೋಳುಗಳನ್ನು ಬಿಚ್ಚಿ ಪಕ್ಕಕ್ಕೆ ಸರಿಸಿ ಕೈಯಲ್ಲೇ ಮುಂದುವರಿಸುತ್ತಾರೆ.

ದೊಡ್ಡಮ್ಮ: ಹಾಗಾದರೆ ಮಾಡುವುದು ಮನುಷ್ಯನೇ ಅನ್ನು.

ನಾನು: ಮನುಷ್ಯನೇ. ಪ್ರಶಾಂತಣ್ಣ, ನನ್ನ ಪ್ರಶ್ನೆಯೂ ಅಲ್ಲಿಂದಲೇ ಶುರು. ಆ ಮನುಷ್ಯ ಯಾರು? ರೋಬೋಟ್‌ನಲ್ಲಿ ಇದೇ ಆಪರೇಷನ್ ಎಷ್ಟು ಮಾಡಿದ್ದಾರೆ? ಕೇಳಿದೆಯಾ?

ಪ್ರಶಾಂತಣ್ಣ: ದೊಡ್ಡ ಆಸ್ಪತ್ರೆ. ಒಳ್ಳೆಯ ಡಾಕ್ಟರೇ ಇರುತ್ತಾರೆ.

ನಾನು: ಕೇಳಿಲ್ಲ ಅಲ್ವಾ?

ಪ್ರಶಾಂತಣ್ಣ: ಡಾಕ್ಟರಿಗೆ “ನಿಮಗೆ ಬರುತ್ತದಾ” ಅಂತ ಕೇಳುವುದು ಹೇಗೆ ಮಾರಾಯ್ತಿ?

ನಮ್ಮಪ್ಪ: ಪ್ರಶಾಂತ, ಬೇಸರ ಮಾಡಿಕೊಳ್ಳಬೇಡ. ಅವಳು ದಿನಾ ನೋಡುವುದೇ ಅದನ್ನ. ಸ್ವಲ್ಪ ಕೇಳು.

ಪ್ರಶಾಂತಣ್ಣ: ಕೇಳುತ್ತಿದ್ದೇನೆ ಚಿಕ್ಕಪ್ಪ. ಆದರೆ ನಮ್ಮಪ್ಪನ ವಿಷಯ ಬಂದಾಗ ಯಾಕೆ ಎಲ್ಲರೂ ಖರ್ಚು ನೋಡುತ್ತೀರಿ? ತೋಟಕ್ಕೆ ಅಷ್ಟು ಖರ್ಚು ಮಾಡುತ್ತೇವೆ.

ನಾನು: ಖರ್ಚು ನೋಡುತ್ತಿಲ್ಲ ಅಣ್ಣ. ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು. 4 ಲಕ್ಷದ ಬದಲು 8 ಲಕ್ಷ ಆದರೂ, ಅದರಿಂದ ಅವರಿಗೆ ಒಳ್ಳೆಯದಾಗುತ್ತದೆ ಎಂದರೆ ನನ್ನ ಒಡವೆಯನ್ನೂ ತರುತ್ತೇನೆ. ಆಗುತ್ತದಾ ಎನ್ನುವುದನ್ನು ಮೊದಲು ನೋಡೋಣ ಎನ್ನುತ್ತಿದ್ದೇನೆ.

ನಾನು: ನೀನು ಹೇಳಿದ 835 ಕೋಟಿ ಡಾಲರ್ ಎಲ್ಲಿಂದ ಬಂತು, ಅದನ್ನೂ ನೋಡು. ಅದರಲ್ಲಿ ನೂರಕ್ಕೆ 84ರಷ್ಟು ಯಂತ್ರ ಮಾರಿದ್ದರಿಂದ ಬಂದದ್ದಲ್ಲ. ಮತ್ತೆ ಮತ್ತೆ ಬರುವ ಆದಾಯ ಅದು. ಪ್ರತಿ ಆಪರೇಷನ್‌ಗೂ ಬೇಕಾದ ಸಲಕರಣೆ, ವರ್ಷ ವರ್ಷದ ಸರ್ವೀಸ್, ಬಾಡಿಗೆಗೆ ಕೊಟ್ಟ ಯಂತ್ರ. ಕತ್ತರಿ, ಚಿಮಟದಂಥ ಆ ಸಲಕರಣೆಗಳಲ್ಲಿ ಒಂದು ಎಣಿಕೆ ಇರುತ್ತದೆ. ಕೆಲವು ಹತ್ತು ಸಲ, ಕೆಲವು ಹದಿನೆಂಟು ಸಲ. ಎಣಿಕೆ ಮುಗಿದರೆ ಯಂತ್ರ ಅದನ್ನು ಒಪ್ಪುವುದೇ ಇಲ್ಲ, ಚೆನ್ನಾಗಿದ್ದರೂ ಸರಿ. ಕೋಟಿಗಟ್ಟಲೆ ಸುರಿದು ಯಂತ್ರ ತಂದ ಆಸ್ಪತ್ರೆ ಅದನ್ನು ಸುಮ್ಮನೆ ನಿಲ್ಲಿಸುವ ಹಾಗಿಲ್ಲ. ಕೇಸ್ ಬೇಕೇ ಬೇಕು.

ಮಾವ: ಬ್ಯಾಂಕಿನಲ್ಲಿ 31 ವರ್ಷ ಇದ್ದವನು ನಾನು. ಅದು ಪಕ್ಕಾ ಅರ್ಥವಾಗುತ್ತದೆ. ಸಾಲ ತಂದು ಹಾಕಿದ ಮಿಷನ್ ಮೂಲೆಯಲ್ಲಿ ಕೂತರೆ ಯಾವ ಧಣಿಗೂ ನಿದ್ದೆ ಬರುವುದಿಲ್ಲ.

ನಾನು: ಹಿಂದೆ ನಾನು ಇದ್ದ ಒಂದು ಆಸ್ಪತ್ರೆಗೆ ರೋಬೋಟ್ ಬಂದಿತ್ತು. ಹೆಸರು ಬೇಡ. ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಮೊದಲ ಪ್ರಶ್ನೆಯೇ “ಎಷ್ಟು ಕೇಸ್ ಆಯಿತು?” ಎಂದು. ಪಿತ್ತಕೋಶದ ಕಲ್ಲಿನ ಆಪರೇಷನ್‌ಗಳೂ ರೋಬೋಟ್‌ಗೆ ಹೋಗತೊಡಗಿದವು. ಅದನ್ನು ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲಿ ನಾಲ್ಕು ಸಣ್ಣ ತೂತು ಮಾಡಿ ಎಷ್ಟೋ ವರ್ಷದಿಂದ ಚೆನ್ನಾಗಿ ಮಾಡುತ್ತಿದ್ದೇವೆ. ಒಬ್ಬ ಆಟೋ ಓಡಿಸುವವನ ತಾಯಿಗೆ ಹಾಗೆ ಮಾಡಿದರು. ಡಿಸ್ಚಾರ್ಜ್ ದಿನ ಅವನು ಕೌಂಟರಿನ ಮುಂದೆ ನಿಂತು ಫೋನ್ ಮೇಲೆ ಫೋನ್ ಮಾಡಿ ದುಡ್ಡು ಹೊಂದಿಸುತ್ತಿದ್ದ. ಅವನ ಮುಖ ನನಗೆ ಈಗಲೂ ಕಣ್ಣ ಮುಂದೆ ಇದೆ. ಅಮೆರಿಕದಲ್ಲಿ 10 ಲಕ್ಷಕ್ಕೂ ಹೆಚ್ಚು ಪಿತ್ತಕೋಶದ ಕೇಸ್‌ಗಳ ದಾಖಲೆ ನೋಡಿ 2023ರಲ್ಲಿ ಒಂದು ಅಧ್ಯಯನ ಬಂತು. ಪಿತ್ತನಾಳಕ್ಕೆ ಪೆಟ್ಟಾಗಿದ್ದು ಲ್ಯಾಪ್ರೋಸ್ಕೋಪಿಯಲ್ಲಿ ನೂರಕ್ಕೆ 0.2, ರೋಬೋಟ್‌ನಲ್ಲಿ 0.7.

ಪ್ರಶಾಂತಣ್ಣ: ಅದು ಪಿತ್ತಕೋಶ. ಅಪ್ಪನದ್ದು ಪ್ರಾಸ್ಟೇಟ್. ಎರಡನ್ನೂ ಒಂದೇ ಮಾಡಬೇಡ.

ನಾನು: ಅದು ಸರಿ. ಒಪ್ಪಿದೆ. ಪ್ರಾಸ್ಟೇಟ್ ಇರುವುದು ಕಿಬ್ಬೊಟ್ಟೆಯ ಕೆಳಗೆ, ಮೂಳೆಗಳ ನಡುವೆ ಇಕ್ಕಟ್ಟಿನಲ್ಲಿ. ಅದನ್ನು ತೆಗೆದ ಮೇಲೆ ಮೂತ್ರಕೋಶವನ್ನೂ ಮೂತ್ರನಾಳವನ್ನೂ ಮತ್ತೆ ಸೇರಿಸಿ ಹೊಲಿಯಬೇಕು. ಲ್ಯಾಪ್ರೋಸ್ಕೋಪಿಯ ಉದ್ದನೆಯ ಕಡ್ಡಿಯಲ್ಲಿ ಆ ಹೊಲಿಗೆ ಬಹಳ ಕಷ್ಟ. ರೋಬೋಟ್ ಸಲಕರಣೆಯ ಮಣಿಕಟ್ಟಿನಂತೆ ತಿರುಗುವ ತುದಿ ಅಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟು ಚೆಂದದ ಹೊಲಿಗೆ ಎಂದರೆ ನೋಡುತ್ತಾ ನಿಲ್ಲಬೇಕು ಅನಿಸುತ್ತದೆ.

ಪ್ರಶಾಂತಣ್ಣ: ಮತ್ತೆ? ಅದನ್ನೇ ತಾನೇ ನಾನು ಹೇಳುತ್ತಿರುವುದು!

ಶನಿವಾರ ಮಧ್ಯಾಹ್ನ

ವಿದ್ಯಾ (ಲೀಡ್ಸ್): ಈಗ ನೋಡಿದೆ. ನಾನು ಇಲ್ಲಿ ಇಂಗ್ಲೆಂಡಿನಲ್ಲಿ ವಾರ್ಡ್ ಫಾರ್ಮಸಿಸ್ಟ್, ಸರ್ಜನ್ ಅಲ್ಲ. ಆದರೂ ಎರಡು ವಿಷಯ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯೂ ರೋಬೋಟ್ ಕಡೆಗೇ ಹೋಗುತ್ತಿದೆ. 2023-24ರಲ್ಲಿ ಸುಮಾರು 70,000 ಆಪರೇಷನ್, 2035ರ ಹೊತ್ತಿಗೆ 5 ಲಕ್ಷ ಮಾಡುತ್ತೇವೆ ಎಂದು 2025ರಲ್ಲಿ ಹೇಳಿದ್ದಾರೆ. ಹಾಗಾಗಿ ಪ್ರಶಾಂತಣ್ಣ ಹೇಳುವುದು ಬರೀ ಜಾಹೀರಾತು ಅಲ್ಲ. ಒಂದೇ ವ್ಯತ್ಯಾಸ, ಇಲ್ಲಿ ರೋಗಿ ಆ ಬಿಲ್ ಕಟ್ಟುವುದಿಲ್ಲ.

ವಿದ್ಯಾ (ಲೀಡ್ಸ್): ಎರಡನೆಯದು, ಆಪರೇಷನ್ ಬೇಕೇ ಬೇಕಾ ಅಂತ ಕೇಳಿದ್ದೀರಾ? ಬ್ರಿಟನ್‌ನಲ್ಲಿ ಪ್ರಾಸ್ಟೇಟ್‌ನಿಂದ ಹೊರಗೆ ಹರಡದ ಕ್ಯಾನ್ಸರ್ ಇದ್ದ 1,643 ಜನರನ್ನು ಹದಿನೈದು ವರ್ಷ ನೋಡಿದರು. ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಷನ್, ಕೆಲವರಿಗೆ ಬರೀ ತಪಾಸಣೆ. ಮೂರು ಗುಂಪಿನಲ್ಲೂ ಆ ಕ್ಯಾನ್ಸರ್‌ನಿಂದ ತೀರಿಕೊಂಡವರು ನೂರಕ್ಕೆ ಮೂರರ ಆಸುಪಾಸು. ದೊಡ್ಡಪ್ಪನ ಕಾಯಿಲೆ ಅವರಲ್ಲಿ ಬಹಳ ಜನರದ್ದಕ್ಕಿಂತ ಸ್ವಲ್ಪ ಜೋರಾಗಿದೆ, ಗ್ಲೀಸನ್ (ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಷ್ಟು ಜೋರು ಎಂದು ತೋರಿಸುವ ಅಂಕ) 4+3. ಅದಕ್ಕೆ ಸುಮ್ಮನೆ ಬಿಡಿ ಎಂದು ನಾನು ಹೇಳುವುದಿಲ್ಲ. ರೇಡಿಯೇಷನ್ ಮಾಡುವ ಡಾಕ್ಟರನ್ನೂ ಒಂದು ಸಲ ಕಂಡು ಬನ್ನಿ ಎನ್ನುತ್ತೇನೆ.

ಅತ್ತಿಗೆ: ನಾನು ಪಾಲಿಸಿ ಪುಸ್ತಕ ತೆಗೆದು ಓದಿದೆ. ಮಾಮೂಲಿ ಆಪರೇಷನ್‌ಗೆ 5 ಲಕ್ಷದವರೆಗೂ ಕೊಡುತ್ತಾರೆ. ರೋಬೋಟಿಕ್ ಸರ್ಜರಿಗೆ ಬೇರೆ ಸಾಲು ಇದೆ, 1 ಲಕ್ಷ ಮಾತ್ರ. ಕೌಂಟರಿನಲ್ಲಿ “ಇನ್ಶೂರೆನ್ಸ್ ಆಗುತ್ತದೆ” ಎಂದಷ್ಟೇ ಹೇಳಿದ್ದರು.

ಮಾವ: ಹೌದು, ಅದು ಎಲ್ಲರೂ ನೋಡಬೇಕಾದ ಸಾಲು. ರೋಬೋಟಿಕ್ ಸರ್ಜರಿಯೂ ಸೇರಿ ಹನ್ನೆರಡು ಹೊಸ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡುವ ಹಾಗಿಲ್ಲ ಎಂದು ವಿಮಾ ಪ್ರಾಧಿಕಾರ 2019ರಲ್ಲಿ ನಿಯಮ ಮಾಡಿತು. ಒಳ್ಳೆಯ ಕೆಲಸ. ಆದರೆ ಅವುಗಳಿಗೆ ಬೇರೆ ಮಿತಿ ಹಾಕಲು ಕಂಪನಿಗಳಿಗೆ ಅವಕಾಶ ಇದೆ. ಆ ಮಿತಿ ಬಹಳ ಜನರಿಗೆ ಗೊತ್ತಾಗುವುದು ಕ್ಲೇಮ್ ಹಾಕಿದಾಗಲೇ.

ಪ್ರಶಾಂತಣ್ಣ: ಸರಿ, ಮಿಕ್ಕಿದ್ದು ನಾನು ಕಟ್ಟುತ್ತೇನೆ. ಮತ್ತೆ ದುಡ್ಡಿಗೇ ಬಂದಿರಿ ನೋಡಿ.

ಪ್ರಶಾಂತಣ್ಣ: ಪುಟ್ಟಿ, ನೇರವಾಗಿ ಹೇಳು. ಹೊಟ್ಟೆ ಕೊಯ್ದು ಮಾಡುವುದಕ್ಕಿಂತ ರೋಬೋಟ್ ಒಳ್ಳೆಯದೋ ಅಲ್ಲವೋ?

ನಾನು: ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿದರು. 2016ರಲ್ಲಿ ಮೊದಲ ಫಲಿತಾಂಶ ಬಂತು, 2018ರಲ್ಲಿ ಎರಡು ವರ್ಷದ್ದು. 300ಕ್ಕೂ ಹೆಚ್ಚು ಗಂಡಸರು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ರೋಬೋಟ್, ಅರ್ಧ ಜನರಿಗೆ ಹೊಟ್ಟೆ ಕೊಯ್ದು. ರೋಬೋಟ್‌ನಲ್ಲಿ ರಕ್ತ ಹೋಗಿದ್ದು ಬಹಳ ಕಡಿಮೆ. ಮನೆಗೂ ಬೇಗ ಹೋದರು. ಆದರೆ ಮೂತ್ರ ಹಿಡಿದಿಟ್ಟುಕೊಳ್ಳುವುದು, ಗಂಡಹೆಂಡಿರ ಸಂಬಂಧದ ವಿಷಯ, ಇವೆರಡರಲ್ಲಿ ಮೂರು ತಿಂಗಳಿಗೂ ವ್ಯತ್ಯಾಸ ಕಾಣಲಿಲ್ಲ, ಎರಡು ವರ್ಷಕ್ಕೂ ಕಾಣಲಿಲ್ಲ. ಈ ಆಪರೇಷನ್ ಆದವರು ಆಮೇಲೆ ಬದುಕುವುದು ಅವೆರಡರ ಜೊತೆಗೇ ಅಣ್ಣ. ಗಾಯದ ಗುರುತು ಯಾರೂ ನೋಡುವುದಿಲ್ಲ. ಪಂಚೆ ಒದ್ದೆಯಾಗುತ್ತದೆ ಅಂತ ಮದುವೆ ಮನೆಗೆ ಹೋಗುವುದನ್ನೇ ಬಿಟ್ಟವರನ್ನು ನಾನು ಬಲ್ಲೆ.

ಪ್ರಶಾಂತಣ್ಣ: ನಾನೂ ಅದನ್ನು ಹುಡುಕಿ ಓದಿದೆ ಈಗ. ನೀನು ಒಂದು ಬಿಟ್ಟೆ. ಅಲ್ಲಿ ಹೊಟ್ಟೆ ಕೊಯ್ದು ಮಾಡಿದವರು ಒಬ್ಬರೇ ಸರ್ಜನ್, ಅವರು ಅದಕ್ಕೆ ಮೊದಲೇ 1,500ಕ್ಕೂ ಹೆಚ್ಚು ಮಾಡಿದ್ದವರು. ರೋಬೋಟ್‌ನಲ್ಲಿ ಮಾಡಿದವರು ಸುಮಾರು 200 ಮಾಡಿದ್ದವರು ಅಷ್ಟೇ. 200 ಮಾಡಿದವರು 1,500 ಮಾಡಿದವರಿಗೆ ಸಮ ಆದರು ಎಂದರೆ ಅದು ಯಂತ್ರದ ಬಲ ಅಲ್ಲದೆ ಇನ್ನೇನು?

ನಾನು: ಒಳ್ಳೆಯ ಪ್ರಶ್ನೆ ಅಣ್ಣ. ನಿಜವಾಗಿಯೂ. ಯಂತ್ರ ಕಲಿಯುವ ದಾರಿಯನ್ನು ಸ್ವಲ್ಪ ಹತ್ತಿರ ಮಾಡುತ್ತದೆ ಎಂದು ನನಗೂ ಅನಿಸುತ್ತದೆ. ಆದರೆ 200 ಎನ್ನುವುದು ಸಣ್ಣ ಸಂಖ್ಯೆ ಅಲ್ಲ. ನಮ್ಮ ದೊಡ್ಡಪ್ಪ ಆ ಡಾಕ್ಟರ್ ರೋಬೋಟ್‌ನಲ್ಲಿ ಮಾಡುವ ಎಷ್ಟನೆಯವರು? ಇಪ್ಪತ್ತನೆಯವರಾ, ಇನ್ನೂರನೆಯವರಾ? ಇಷ್ಟು ಹೊತ್ತಿನಿಂದ ನಾನು ಕೇಳುತ್ತಿರುವುದು ಇದೊಂದೇ.

ನಾನು: ಇನ್ನೊಂದು ಹೇಳಿಬಿಡುತ್ತೇನೆ. 2018ರಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇದ್ದ 631 ಹೆಂಗಸರ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ಸಣ್ಣ ತೂತಿನಲ್ಲಿ, ಅಂದರೆ ಲ್ಯಾಪ್ರೋಸ್ಕೋಪಿ ಇಲ್ಲವೇ ರೋಬೋಟ್‌ನಲ್ಲಿ, ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಮರಳಿ ಬಂದದ್ದು ಜಾಸ್ತಿ. ನಾಲ್ಕೂವರೆ ವರ್ಷಕ್ಕೆ ಕಾಯಿಲೆ ಇಲ್ಲದೆ ಇದ್ದವರು ಅಲ್ಲಿ ನೂರಕ್ಕೆ 86, ಹೊಟ್ಟೆ ಕೊಯ್ದವರಲ್ಲಿ 96.5. ಹೀಗಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ನಾವೆಲ್ಲ ಅದುವರೆಗೆ ಸಣ್ಣ ಗಾಯ ಅಂದರೆ ಒಳ್ಳೆಯದೇ ಎಂದುಕೊಂಡಿದ್ದೆವು. ಆ ಸುದ್ದಿ ಬಂದ ದಿನ ನಮ್ಮ ಓಟಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಪ್ರಾಸ್ಟೇಟ್‌ಗೂ ಹಾಗೇ ಎಂದು ಹೇಳುತ್ತಿಲ್ಲ. ಒಂದೊಂದು ಆಪರೇಷನ್‌ಗೂ ಬೇರೆ ಬೇರೆ ಲೆಕ್ಕ. ಮಾರುಕಟ್ಟೆಯ ಫಾರ್ವರ್ಡ್‌ನಲ್ಲಿ ಆ ಲೆಕ್ಕ ಇರುವುದಿಲ್ಲ.

ಮಾವ: ಒಂದು ಕೇಳಲಾ? ದೆಹಲಿಯಲ್ಲಿ ಕೂತ ಡಾಕ್ಟರು ಸಾಗರದಲ್ಲಿ ಮಲಗಿದವರಿಗೆ ಮಾಡಬಹುದು ಎನ್ನುತ್ತಾರಲ್ಲ, ಅದು ನಿಜವಾ?

ವಿದ್ಯಾ (ಲೀಡ್ಸ್): ನಿಜ ಮಾವ, ಹೊಸದೂ ಅಲ್ಲ. 2001ರ ಸೆಪ್ಟೆಂಬರ್‌ನಲ್ಲೇ ನ್ಯೂಯಾರ್ಕ್‌ನಲ್ಲಿ ಕೂತ ಫ್ರೆಂಚ್ ಸರ್ಜನ್ ಜಾಕ್ ಮಾರೆಸ್ಕೋ ಸ್ಟ್ರಾಸ್‌ಬರ್ಗ್‌ನ 68 ವರ್ಷದ ಹೆಂಗಸಿನ ಪಿತ್ತಕೋಶ ತೆಗೆದಿದ್ದರು. ನಮ್ಮ ದೇಶದಲ್ಲೇ ತಯಾರಾದ ರೋಬೋಟ್ ಒಂದಿದೆ, ಎಸ್‌ಎಸ್‌ಐ ಮಂತ್ರ. ಡಾ. ಸುಧೀರ್ ಶ್ರೀವಾಸ್ತವ ಅವರ ಕಂಪನಿಯದ್ದು. 2025ರ ಜನವರಿಯಲ್ಲಿ ಗುರುಗ್ರಾಮದಿಂದ 286 ಕಿಲೋಮೀಟರ್ ದೂರದ ಜೈಪುರದ ರೋಗಿಗೆ ಅದರಲ್ಲಿ ಹೃದಯದ ಆಪರೇಷನ್ ಮಾಡಿದರು.

ಮಾವ: ನಮ್ಮ ದೇಶದಲ್ಲೇ ಮಾಡಿದ್ದಾ! ಬೆಲೆ ಇಳಿದರೆ ಜಿಲ್ಲಾ ಆಸ್ಪತ್ರೆಗೂ ಬರಬಹುದು.

ನಾನು: ಬರಲಿ ಮಾವ. ಅದು ನನ್ನ ಆಸೆಯೂ ಹೌದು. ಆದರೆ ದೂರದಿಂದ ಮಾಡಿದರೂ ಮಲಗಿಸಿದ ಕೋಣೆಯಲ್ಲಿ ಪೂರ್ತಿ ತಂಡ ಬೇಕು. ಅರಿವಳಿಕೆ ಡಾಕ್ಟರ್ ಬೇಕು. ರಕ್ತ ಒಸರಿದರೆ ಹೊಟ್ಟೆ ತೆರೆದು ಹಿಡಿಯಬಲ್ಲ ಸರ್ಜನ್ ಅಲ್ಲೇ ಇರಬೇಕು. ನಮ್ಮ ತಾಲೂಕುಗಳಲ್ಲಿ ಮೊದಲು ಬೇಕಾದ್ದು ಅವರು.

ಶನಿವಾರ ರಾತ್ರಿ

ದೊಡ್ಡಪ್ಪ: ಎಲ್ಲ ಓದಿದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಬರೆಯುತ್ತಿದ್ದೇನೆ. ಪ್ರಶಾಂತ, ನಿನ್ನ ಮನಸ್ಸು ನನಗೆ ಗೊತ್ತು ಮಗ. ಆದರೆ ನನ್ನನ್ನು ಯಾರೂ ಏನೂ ಕೇಳಲೇ ಇಲ್ಲ.

ಪ್ರಶಾಂತಣ್ಣ: ಅಪ್ಪ, ತಪ್ಪಾಯಿತು.

ದೊಡ್ಡಪ್ಪ: ಹಾಗೇನಿಲ್ಲ. ಕೇಳು. ಎರಡು ವರ್ಷದ ಹಿಂದೆ ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಉದ್ದನೆಯ ಫೈಬರ್ ದೋಟಿ ತಂದೆವಲ್ಲ. ಅಡಿಕೆ ಕೊನೆ (ಗೊಂಚಲು) ಕೊಯ್ಯಲು ಮರ ಹತ್ತುವುದು ತಪ್ಪಿತು. ಜನ ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪಿತು. ಅಷ್ಟು ಒಳ್ಳೆಯ ವಸ್ತು ತೋಟಕ್ಕೆ ಬೇರೆ ಬಂದಿಲ್ಲ. ಆದರೆ ಮೊದಲ ವರ್ಷ ಹೊಸ ಹುಡುಗ ಅದನ್ನು ಹಿಡಿದಾಗ ಅರ್ಧ ಕೊನೆ ನೆಲಕ್ಕೆ ಬಿದ್ದು ಚದುರಿತು. ಎಳೆಯ ಸಿಂಗಾರಕ್ಕೂ (ಹೂಗೊನೆಗೂ) ಪೆಟ್ಟು ಬಿತ್ತು. ಅದೇ ಹುಡುಗ ಈಗ ಬೇಕು ಎಂದರೆ ಹದಿನೈದು ದಿನ ಮೊದಲು ಹೇಳಬೇಕು, ಅಷ್ಟು ಬೇಡಿಕೆ. ದೋಟಿ ಅದೇ. ನಾನು ಡಾಕ್ಟರ ಹತ್ತಿರ ಕೇಳುತ್ತೇನೆ. ನನಗೆ ನಾಚಿಕೆ ಇಲ್ಲ. ಪುಟ್ಟಿ, ಏನೇನು ಕೇಳಬೇಕು ಬರೆದು ಕಳಿಸು.

ನಾನು: ಕಳಿಸುತ್ತೇನೆ ದೊಡ್ಡಪ್ಪ. ಮೊದಲು, ಆಪರೇಷನ್ನೋ ರೇಡಿಯೇಷನ್ನೋ, ನನ್ನ ಕಾಯಿಲೆಗೆ ಎರಡರಲ್ಲಿ ಏನು ಲಾಭ ಏನು ನಷ್ಟ ಎಂದು ಕೇಳಿ. ಆಮೇಲೆ ಈ ಆಪರೇಷನ್ನನ್ನು ನೀವು ಹೊಟ್ಟೆ ಕೊಯ್ದು ಎಷ್ಟು ಮಾಡಿದ್ದೀರಿ, ರೋಬೋಟ್‌ನಲ್ಲಿ ಎಷ್ಟು ಮಾಡಿದ್ದೀರಿ ಎಂದು ಕೇಳಿ. ಕನ್ಸೋಲ್‌ನಲ್ಲಿ ಪೂರ್ತಿ ನೀವೇ ಕೂರುತ್ತೀರಾ ಎಂದೂ ಕೇಳಿ. ನಿಮ್ಮ ರೋಗಿಗಳಲ್ಲಿ ಒಂದು ವರ್ಷದ ಮೇಲೂ ಮೂತ್ರ ಸೋರುತ್ತದೆ ಎಂದು ಪ್ಯಾಡ್ ಹಾಕುವವರು ಎಷ್ಟು ಜನ ಎನ್ನುವುದನ್ನು ಬಿಡಬೇಡಿ. ಒಳ್ಳೆಯ ಸರ್ಜನ್‌ಗೆ ಇವುಗಳಿಂದ ಕೋಪ ಬರುವುದಿಲ್ಲ. ನಾನು ಕೆಲಸ ಮಾಡಿದ ಒಳ್ಳೆಯವರೆಲ್ಲ ತಮ್ಮ ಲೆಕ್ಕ ತಾವೇ ಇಟ್ಟುಕೊಂಡಿದ್ದರು.

ಗುರುವಾರ ಸಂಜೆ

ಅತ್ತಿಗೆ: ಹೋಗಿ ಬಂದೆವು. ಮಾವನವರೇ ಬರೆಯುತ್ತಾರಂತೆ.

ದೊಡ್ಡಪ್ಪ: ಡಾಕ್ಟರು ಒಳ್ಳೆಯವರು. ಚೀಟಿ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಮುಕ್ಕಾಲು ಗಂಟೆ ಮಾತಾಡಿದರು. ಹೊಟ್ಟೆ ಕೊಯ್ದು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಾರೆ, 600 ದಾಟಿದೆ. ರೋಬೋಟ್‌ನಲ್ಲಿ ಇಲ್ಲಿಯವರೆಗೆ 22. ಅದರಲ್ಲೂ ಮೊದಲಿನವಕ್ಕೆ ಬೇರೆ ಊರಿನಿಂದ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಇದ್ದರಂತೆ. ರೋಬೋಟ್ ಮಾಡಿಸಿ ಎಂದು ಅವರು ಹೇಳಿಯೇ ಇರಲಿಲ್ಲ. ಅದು ಕೌಂಟರಿನವರು ಬರೆದು ಕೊಟ್ಟ ಎಸ್ಟಿಮೇಟ್. “ನಿಮ್ಮ ಜಾಗದಲ್ಲಿ ನಮ್ಮ ತಂದೆ ಇದ್ದರೆ, ನಾನೇ ಮಾಡುವುದಾದರೆ ಹೊಟ್ಟೆ ಕೊಯ್ದೇ ಮಾಡುತ್ತೇನೆ. ರೋಬೋಟೇ ಬೇಕು ಎಂದರೆ ನನಗಿಂತ ಜಾಸ್ತಿ ಮಾಡಿದವರ ಹೆಸರು ಕೊಡುತ್ತೇನೆ” ಎಂದರು.

ಪ್ರಶಾಂತಣ್ಣ: ಆ ಹೆಸರು ತೆಗೆದುಕೊಂಡಿದ್ದೇನೆ. ಅಪ್ಪ ಬೇಡ ಎನ್ನುತ್ತಿದ್ದಾರೆ.

ದೊಡ್ಡಪ್ಪ: ರೇಡಿಯೇಷನ್ ಡಾಕ್ಟರನ್ನೂ ಕಂಡೆ. ಅದೂ ಆಗುತ್ತದೆ ಎಂದರು. ಆದರೆ ವಾರಗಟ್ಟಲೆ ಅಲ್ಲೇ ಇರಬೇಕು, ಜೊತೆಗೆ ಹಾರ್ಮೋನ್ ಇಂಜೆಕ್ಷನ್. ಅಡಿಕೆ ಕೊಯ್ಲು ಹತ್ತಿರ ಬಂತು. ಯೋಚನೆ ಮಾಡಿದೆ. ಈ ಡಾಕ್ಟರ ಕೈಯಲ್ಲೇ ಹೊಟ್ಟೆ ಕೊಯ್ದು ಮಾಡಿಸಿಕೊಳ್ಳುತ್ತೇನೆ. ತನಗೆ ಎಷ್ಟು ಗೊತ್ತು ಎಂದು ಬಾಯಿಬಿಟ್ಟು ಹೇಳಿದ ಮನುಷ್ಯ ಅವರು. ನನಗೆ ಧೈರ್ಯ ಬಂತು.

ದೊಡ್ಡಮ್ಮ: ನನಗೂ.

ಪ್ರಶಾಂತಣ್ಣ: ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಜಾಸ್ತಿ ಮಾಡಿದವರ ಹತ್ತಿರ ರೋಬೋಟ್ ಮಾಡಿಸಿದರೆ ರಕ್ತ ಕಡಿಮೆ ಹೋಗುತ್ತಿತ್ತು. ಅದು ಪುಟ್ಟಿಯೇ ಹೇಳಿದ ಮಾತು. ಆದರೆ ಅಪ್ಪನ ಮೈ, ಅಪ್ಪನ ತೀರ್ಮಾನ.

ನಾನು: ಅಣ್ಣ, ನೀನು ಹೇಳುವುದು ಸುಳ್ಳಲ್ಲ. ಅದು ನನಗೂ ಚಿಂತೆಯೇ. ಎರಡು ಯೂನಿಟ್ ರಕ್ತ ಹೊಂದಿಸಿಡಿ ಎಂದಿದ್ದಾರಾ?

ಪ್ರಶಾಂತಣ್ಣ: ಹೌದು. ನನ್ನದೂ ಅಪ್ಪನದೂ ಬಿ ಪಾಸಿಟಿವ್. ನಾನೇ ಕೊಡುತ್ತೇನೆ.

ನಾನು: ಮಗನ ರಕ್ತ ನೇರವಾಗಿ ಅಪ್ಪನಿಗೆ ಹಾಕುವುದು ಬೇಡ ಎನ್ನುತ್ತಾರೆ. ಹತ್ತಿರದ ಸಂಬಂಧಿಯ ರಕ್ತದಿಂದ ಅಪರೂಪಕ್ಕೆ ದೊಡ್ಡ ತೊಂದರೆ ಆಗುವುದುಂಟು. ನೀನು ಬ್ಲಡ್ ಬ್ಯಾಂಕಿಗೆ ಕೊಡು. ಅವರು ಬೇರೆಯವರ ರಕ್ತ ದೊಡ್ಡಪ್ಪನಿಗೆ ಕೊಡುತ್ತಾರೆ, ನಿನ್ನದು ಇನ್ಯಾರಿಗೋ ಹೋಗುತ್ತದೆ.

ಪ್ರಶಾಂತಣ್ಣ: ಆಗಲಿ. ನಾಳೆ ಬೆಳಗ್ಗೆಯೇ ಹೋಗುತ್ತೇನೆ. ನೀನು ಯಾವಾಗ ಬರುತ್ತೀಯ?

ನಾನು: ಹಿಂದಿನ ದಿನವೇ. ರಜೆ ಬರೆದು ಕೊಟ್ಟಾಯಿತು. ಓಟಿ ಬಾಗಿಲವರೆಗೂ ದೊಡ್ಡಪ್ಪನ ಜೊತೆ ನಾನೇ ಹೋಗುತ್ತೇನೆ.

ದೊಡ್ಡಮ್ಮ: ತಾಳಗುಪ್ಪದ ರೈಲಿಗೆ ನಾವಿಬ್ಬರೂ ಬುಧವಾರ ರಾತ್ರಿ ಹತ್ತುತ್ತೇವೆ. ಪ್ರಶಾಂತ, ಸ್ಟೇಷನ್ನಿಗೆ ಬಾ. ಚೀಲ ಭಾರ ಇದೆ.